ಒಂದು ವರ್ಷಕ್ಕೆ ಒಂದೇ ಜರಡಿ

ಕೋಳಿಮನೆಯ ಚಿಲಕದ ಮೇಲೆ ಕೈಯಿಟ್ಟು ಅಕ್ಕ ಕಿವಿಗೊಟ್ಟಳು. ಇಪ್ಪತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಇದೇ ಬಾಗಿಲು ತೆಗೆದವಳು. ಮೊದಲೆಲ್ಲ ಬೈಯುತ್ತಲೇ ತೆಗೆಯುತ್ತಿದ್ದಳು, ಬಂದೆ ಇರ್ರೇ, ನಿಮ್ಮಪ್ಪನ ಗಂಟೇನು ಹೋಗ್ತಿದೆ ಎಂದು. ಈ ವಾರದಲ್ಲಿ ಬೈಯುವುದಕ್ಕೂ ಬಾಯಿ ಒಣಗುತ್ತಿತ್ತು. ಒಳಗೆ ಎಪ್ಪತ್ತು ಕೋಳಿಗಳು ಎದ್ದು ಹೊಟ್ಟು ಕೆದರುವ ಸದ್ದು ಕೇಳಬೇಕು. ಅದರ ನಡುವೆ ಇನ್ನೊಂದು ಸದ್ದು ಕೇಳಬಾರದು, ಏಳಲಾಗದ ಹಕ್ಕಿ ರೆಕ್ಕೆಯನ್ನು ನೆಲಕ್ಕೆ ಬಡಿಯುವ ಸದ್ದು.

ಅಂದು ಅದು ಕೇಳಿಸಿತು.

ಮೂಲೆಯಲ್ಲಿ ಒಂದು ಬಿಳಿ ಹೇಂಟೆ ಬಿದ್ದಿತ್ತು. ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿಕೊಂಡು, ಕಣ್ಣು ಮಾತ್ರ ಚುರುಕಾಗಿ, ನನಗೇನೂ ಆಗಿಲ್ಲ ಎನ್ನುವ ಹಾಗೆ ಅವಳನ್ನು ನೋಡುತ್ತಿತ್ತು. ಹೊಳೆಯಾಚೆ ಇಂಥ ರೋಗ ಬಂದಿದೆ, ಮೂರು ಕೋಳಿಮನೆ ಬರಿದಾಗಿವೆ ಎಂದು ಹದಿನೈದು ದಿನದಿಂದ ಸುದ್ದಿಯಿತ್ತು. ಕಾಲು ಕಟ್ಟುವ ರೋಗ ಎಂದು ಜನ ಕರೆಯುತ್ತಿದ್ದರು. ಅಕ್ಕ ಹೆದರಿದಳು. ರೋಗ ಬಂದಿತೆಂಬುದಕ್ಕಿಂತ, ಒಳಗೆ ಇರುವುದು ಬರೀ ಎಪ್ಪತ್ತು ಎಂಬುದಕ್ಕೆ.

ಮುನ್ನೂರು ಇರಬೇಕಿತ್ತು.

ಅವರದು ಮಾಂಸದ ಕೋಳಿಯ ವ್ಯಾಪಾರವಲ್ಲ, ತಳಿಯ ಕೋಳಿಯದು. ಅಪ್ಪ ಮಾಡಿಟ್ಟ ತಳಿ. ಸುತ್ತಲಿನವರು ಮರಿ ಬೇಕೆಂದರೆ ಇಲ್ಲಿಗೇ ಬರುತ್ತಿದ್ದರು. ವರ್ಷಕ್ಕೊಮ್ಮೆ ಆರುನೂರು ಚಿಲ್ಲರೆ ಮರಿ ಮಾಡಿಸುವುದು, ಎಂಟು ವಾರವಾದ ಮೇಲೆ ಅವುಗಳಲ್ಲಿ ಮುಂದಿನ ವರ್ಷದ ತಾಯಿ ತಂದೆ ಯಾರೆಂದು ಆರಿಸುವುದು, ಉಳಿದದ್ದನ್ನೂ ಹಳೆಯ ಹಿಂಡನ್ನೂ ಮಾರಿ ಕೋಳಿಮನೆ ತೊಳೆಯುವುದು. ಈ ಆರಿಸುವ ಕೆಲಸಕ್ಕೆ ಮನೆಯಲ್ಲಿ ಜರಡಿ ಎಂದು ಹೆಸರು. ಕೊಳ್ಳಲು ಬರುವವರು ಅವಳಿಗೂ ಜರಡಿಯಕ್ಕ ಎಂದೇ ಹೆಸರಿಟ್ಟಿದ್ದರು.

ಅಪ್ಪ ಓದಿದವನಲ್ಲ. ಆದರೆ ಒಂದು ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ವರ್ಷಕ್ಕೆ ಒಂದೇ ಜರಡಿ ಎನ್ನುತ್ತಿದ್ದ. ಈ ವರ್ಷ ಮೊಟ್ಟೆ ನೋಡಿ ಆರಿಸಿದರೆ ತೂಕ ನೋಡಬಾರದು. ಮುಂದಿನ ವರ್ಷ ಕಾಲು ನೋಡಿದರೆ ಮೊಟ್ಟೆಯ ಸುದ್ದಿಗೆ ಹೋಗಬಾರದು. ಅರ್ಧ ಮರಿಗಳನ್ನು ಮಾತ್ರ ತೆಗೆದುಹಾಕಬೇಕು, ಇನ್ನರ್ಧ ಹೇಗಿದ್ದರೂ ಇರಲಿ. ಆಗ ಅವಳು ಸಣ್ಣವಳು, ಆತುರದವಳು. ಎಲ್ಲ ಗುಣವನ್ನೂ ಒಂದೇ ಸಲ ಆರಿಸಿದರೆ ಬೇಗ ಆಗುತ್ತಲ್ಲ ಎಂದು ವಾದಕ್ಕೆ ನಿಂತಿದ್ದಳು. ಅಪ್ಪ ಒಂದು ಮರಿಯನ್ನು ಅವಳ ಅಂಗೈ ಮೇಲಿಟ್ಟು ಹೇಳಿದ್ದ:

"ಇದನ್ನ ಮೊಟ್ಟೆ ಸಾಲದು ಅಂತ ತೆಗೆದೆ ಅಂದ್ಕೋ. ಆಮೇಲೆ ಚಳಿ ತಡೆಯಲ್ಲ ಅಂತ ಮತ್ತೆ ತೆಗಿ ನೋಡೋಣ. ಎಲ್ಲಿದೆ? ಒಂದೇ ಮರಿನ ಎರಡು ಸಲ ಸಾಯಿಸಕ್ಕಾಗಲ್ಲ ಕಣೇ. ಒಂದೊಂದು ಗುಣಕ್ಕೂ ಅದರದರದೇ ಸಾವು ಬೇಕು. ಕೋಳಿ ಹಾಕೋ ಮರಿ ಇಷ್ಟೇ, ಅಷ್ಟರಲ್ಲೇ ಎಲ್ಲ ತೂಗಿಸ್ಬೇಕು. ಮೀನಾಗಿದ್ರೆ ಬೇರೆ ಮಾತು, ಸಾವಿರ ಹಾಕುತ್ತೆ, ಸಾವಿರ ಬಿಸಾಕು. ಹಸುವಾಗಿದ್ರೆ ಬಿಸಾಕೋ ಹಾಗೇ ಇಲ್ಲ."

ನಾವು ಅರ್ಧ ತೆಗೆದರೆ ಉಳಿದ ಅರ್ಧ ಬರುವ ಕಷ್ಟಕ್ಕೆ ಎಂದು ಅವನ ಲೆಕ್ಕ. ಚಳಿ ಬರುತ್ತದೆ, ಹಾವು ಬರುತ್ತದೆ, ಹೆಸರೇ ಇಲ್ಲದ ರೋಗ ಬರುತ್ತದೆ. ಅದೂ ಒಂದು ಜರಡಿಯೇ. ಅದು ಕೇಳಿ ಬರುವುದಿಲ್ಲ, ಅದರ ಪಾಲು ಅದಕ್ಕೆ ಇಟ್ಟಿರಬೇಕು.

ತಮ್ಮನಿಗೂ ಅಪ್ಪ ಇದನ್ನೇ ಹೇಳಿದ್ದ. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ. ಈ ಸಲ ಅಕ್ಕ ಮಗಳ ಹೆರಿಗೆಗೆಂದು ಹೋಗಿ ಬರುವುದರೊಳಗೆ ಮರಿಗಳಿಗೆ ಎಂಟು ವಾರ ತುಂಬಿತ್ತು. ತಾನೂ ಗಂಡಸು, ತನಗೂ ಜರಡಿ ಹಿಡಿಯಲು ಬರುತ್ತದೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ತಮ್ಮ ನಾಲ್ಕು ಜರಡಿ ಒಟ್ಟಿಗೆ ಹಿಡಿದುಬಿಟ್ಟ. ಹೆಚ್ಚು ಮೊಟ್ಟೆಯಿಡುವ ತಾಯಿಯ ಮರಿ ಮಾತ್ರ. ಅದರಲ್ಲಿ ತೂಕದ್ದು ಮಾತ್ರ. ಅದರಲ್ಲಿ ನೆಟ್ಟನೆ ಬೆರಳಿದ್ದು ಮಾತ್ರ. ಅದರಲ್ಲಿ ಬಿಳಿ ಮಾತ್ರ, ನೋಡುವವರಿಗೆ ಒಂದೇ ಥರ ಕಂಡರೆ ಚೆಂದ ಎಂದು. ಆರುನೂರ ಹನ್ನೆರಡು ಮರಿ ಎಪ್ಪತ್ತಕ್ಕೆ ಇಳಿದವು. ಉಳಿದವೆಲ್ಲ ಮಾಂಸದಂಗಡಿಗೆ ಹೋದವೆಂದು ತಮ್ಮ ಹೇಳಿದ. ಪ್ರತಿ ವರ್ಷದಂತೆ ಹಳೆಯ ಹಿಂಡೂ ಹೋಯಿತು.

ಅವಳು ಬಂದು ನೋಡಿದಾಗ ಎಪ್ಪತ್ತೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಬೆಳ್ಳಗೆ, ಎತ್ತರಕ್ಕೆ, ಮದುವೆಗೆ ಹೊರಟ ಹಾಗೆ ನಿಂತಿದ್ದವು. ತಮ್ಮ ಎದೆಯುಬ್ಬಿಸಿ ಹೇಳಿದ, "ನೀನು ನಾಲ್ಕು ವರ್ಷದಲ್ಲಿ ಮಾಡೋದನ್ನ ನಾನು ನಾಲ್ಕು ದಿನದಲ್ಲಿ ಮಾಡಿದ್ದೀನಿ ಅಕ್ಕ." ಅವಳು ಅವನಿಗೆ ಆಡಬಾರದ್ದನ್ನೆಲ್ಲ ಆಡಿದಳು. ಎರಡು ದಿನ ಆ ಮನೆಯಲ್ಲಿ ಯಾರೂ ಯಾರಿಗೂ ಊಟಕ್ಕೆ ಬಾ ಎನ್ನಲಿಲ್ಲ. ಅತಿ ಆಸೆ ಗತಿಗೇಡು ಎಂದು ಅವಳು, ಮುದುಕರ ಮಾತು ಮುದುಕರಿಗೆ ಎಂದು ಅವನು. ಅಷ್ಟರಲ್ಲಿ ಹೊಳೆಯಾಚೆಯ ಸುದ್ದಿ ಬಂತು. ಅವಳ ಕೋಪ ಹೋಗಿ ಆ ಜಾಗದಲ್ಲಿ ಭಯ ಬಂದು ಕೂತಿತು. ಕೋಪವಾದರೆ ನಿದ್ದೆ ಮಾಡಿದರೆ ಇಳಿಯುತ್ತದೆ. ಇದು ನಿದ್ದೆಯೊಳಗೂ ಬಂತು.

ಬಿದ್ದ ಹೇಂಟೆಯನ್ನು ನೋಡಲು ಡಾಕ್ಟರಮ್ಮ ಬಂದರು. ಇನ್ನೂ ಸಣ್ಣ ವಯಸ್ಸಿನ ಹೆಂಗಸು, ಗಂಡಸಿನ ಬೂಟು ಹಾಕಿಕೊಂಡು ತಿರುಗುವವರು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲದವರು. ಹುಟ್ಟಿದ ದಿನ ಹಾಕಿದ ಲಸಿಕೆ ಈ ಹೊಸ ಬಗೆಯ ರೋಗವನ್ನು ತಡೆಯುತ್ತಿಲ್ಲ, ಔಷಧಿ ಇಲ್ಲ ಎಂದರು. ಕೋಳಿಯ ಗರಿಯಿಂದ ಉದುರುವ ದೂಳಿನಲ್ಲಿ ರೋಗ ಇರುತ್ತದೆ, ತಿಂಗಳುಗಟ್ಟಲೆ ಹಾಗೇ ಕಾಯುತ್ತದೆ ಎಂದರು. ಕೆಲವು ಕೋಳಿಗಳಿಗೆ ಮಾತ್ರ ತಡೆಯುವ ಶಕ್ತಿ ರಕ್ತದಲ್ಲೇ ಇರುತ್ತದಂತೆ, ಸಾಯದೆ ಉಳಿದವಕ್ಕೇ ಮರಿ ಮಾಡಿಸಬೇಕಂತೆ.

ತಮ್ಮನ ಮುಖ ಅರಳಿತು. ಹಾಗಾದರೆ ಒಳ್ಳೆಯದೇ ಆಯಿತಲ್ಲ, ಇಂಥ ರೋಗ ದಾಟಿ ಉಳಿದದ್ದು ಕಬ್ಬಿಣದಂಥ ಕೋಳಿಯಾಗುತ್ತದೆ ಎಂದ.

"ಹತ್ತಕ್ಕೊಂದು ಉಳಿಯುತ್ತೆ ಅಂತ ಇಟ್ಕೊಳ್ಳಿ," ಡಾಕ್ಟರಮ್ಮ ಹೇಳಿದರು. "ನಿಮ್ಮ ಹತ್ರ ಮುನ್ನೂರಿದ್ರೆ ಮೂವತ್ತು. ಈಗ ಏಳು. ಆ ಏಳೂ ಅಕ್ಕತಂಗಿಯರೇ ಆಗಿರ್ಬಹುದು. ಹುಂಜ ಒಂದೂ ಇರದೆ ಹೋಗ್ಬಹುದು. ಕಬ್ಬಿಣ ಇಟ್ಕೊಂಡು ಏನು ಮಾಡ್ತೀರಿ, ಬಾಗಿಲಿಗೆ ಬಡೀತೀರಾ?"

ಅಂದಿನಿಂದ ಅಕ್ಕನಿಗೆ ದೂಳಿನ ಭಯ ಹಿಡಿಯಿತು. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಸಣ್ಣ ಕಣಗಳು ಸುಳಿದಾಡುವುದನ್ನು ಕಂಡರೆ ಉಸಿರು ಹಿಡಿಯುತ್ತಿದ್ದಳು. ಸೀರೆ ಕೊಡವಿದರೆ ದೂಳು, ಚಾಪೆ ಎತ್ತಿದರೆ ದೂಳು. ತನ್ನ ತಲೆಗೂದಲಿನಲ್ಲಿ ಅದು ಕೂತಿರಬಹುದು ಎಂದು ಅನ್ನಿಸಿದ ದಿನ ಕತ್ತರಿ ತೆಗೆದುಕೊಂಡು ಮೊಣಕಾಲುದ್ದದ ಜಡೆಯನ್ನು ಕಿವಿಯವರೆಗೆ ಕತ್ತರಿಸಿ ಒಲೆಗೆ ಹಾಕಿದಳು. ತಮ್ಮನ ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತಳು. ಕೂದಲು ಬೆಳೆಯುತ್ತೆ ಬಿಡು ಎಂದು ಅಕ್ಕ ಅವಳ ಮೇಲೇ ರೇಗಿದಳು.

ಕೋಳಿಗಳು ಒಂದೊಂದಾಗಿ ಹೋಗತೊಡಗಿದವು. ಮೊದಲ ವಾರ ಐದು. ಎರಡನೆಯ ವಾರ ಹದಿನಾರು. ಮೊಟ್ಟೆಗೆಂದು, ತೂಕಕ್ಕೆಂದು, ಕಾಲಿಗೆಂದು, ಬಣ್ಣಕ್ಕೆಂದು ಆರಿಸಿದವು. ಈ ರೋಗಕ್ಕೆಂದು ಯಾರೂ ಆರಿಸಿರಲಿಲ್ಲ. ಹಿಂದೆ ಚಳಿ ಬಂದಾಗಲೂ ಕೋಳಿ ಸತ್ತದ್ದುಂಟು, ಆದರೆ ಆಗ ಸತ್ತವನ್ನು ಎತ್ತಿ ಹಾಕಿ ಉಳಿದವಕ್ಕೆ ಕಾಳು ಚೆಲ್ಲಿ ಬರುತ್ತಿದ್ದಳು. ಈಗ ಬದುಕಿದವನ್ನು ನೋಡಿದರೇ ಹೆದರಿಕೆ. ನೆಟ್ಟಗೆ ನಡೆಯುವ ಹಕ್ಕಿ ಒಂದು ಹೆಜ್ಜೆ ಎಡವಿದರೂ ಓಡಿಹೋಗಿ ಕಾಲು ಹಿಡಿದು ನೋಡುತ್ತಿದ್ದಳು. ಹೊಳೆಯಾಚೆಯಂತೆ ತಮ್ಮ ಕೋಳಿಮನೆಯೂ ಬರಿದಾದರೆ ಅಪ್ಪನ ತಳಿ ಎಂಬುದು ಎಲ್ಲೂ ಇರುವುದಿಲ್ಲ. ದುಡ್ಡು ಕೊಟ್ಟು ತರುತ್ತೇನೆಂದರೂ ಮಾರುವವರಿರುವುದಿಲ್ಲ, ಮಾರುವವಳು ತಾನೇ.

ಕೊನೆಗೆ ಉಳಿದದ್ದು ಹತ್ತು ಹೇಂಟೆ, ಒಂದು ಹುಂಜ.

ಆ ಹುಂಜವನ್ನು ಅವಳು ಬೇರೆ ಕೋಣೆಯಲ್ಲಿಟ್ಟು ಕೈಯಾರೆ ತಿನ್ನಿಸಿದಳು. ಮದುಮಗನ ಉಪಚಾರ ಎಂದು ತಮ್ಮನ ಹೆಂಡತಿ ನಗಿಸಲು ನೋಡಿದಳು. ಅಕ್ಕನಿಗೆ ನಗು ಬರಲಿಲ್ಲ. ಒಂದು ಬೆಳಿಗ್ಗೆ ಹುಂಜ ಕೂಗಿತು. ಕೂಗಿ ಮುಗಿಸಿ ಇಳಿಯಲು ಹೋದಾಗ ಅದರ ಎಡಗಾಲು ಹಿಂದೆಯೇ ಉಳಿಯಿತು. ಅದು ತಿರುಗಿ ತನ್ನ ಕಾಲನ್ನೇ ನೋಡಿಕೊಂಡಿತು. ಅಕ್ಕ ಗೋಡೆಗೊರಗಿ ಕೂತಳು.

ತಮ್ಮ ಬಂದು ಬಾಗಿಲಲ್ಲಿ ನಿಂತ. ಅವನ ಸೊಕ್ಕು ಯಾವತ್ತೋ ಇಳಿದಿತ್ತು. ತಲೆ ತಗ್ಗಿಸಿಕೊಂಡು ಒಂದು ಮಾತು ಹೇಳಿದ. ಜರಡಿಯಲ್ಲಿ ತೆಗೆದ ಮರಿಗಳೆಲ್ಲ ಮಾಂಸದಂಗಡಿಗೆ ಹೋಗಿರಲಿಲ್ಲ. ಬೆರಳು ಸೊಟ್ಟಗಿದ್ದ, ಚುಕ್ಕೆ ಚುಕ್ಕೆಯ, ಕೊಳ್ಳುವವರೇ ಇಲ್ಲದ ನಲವತ್ತನಾಲ್ಕು ಮರಿಗಳನ್ನು ಪಂಕ್ಚರಣ್ಣನಿಗೆ ಕೊಟ್ಟಿದ್ದ.

ಪಂಕ್ಚರಣ್ಣ ಎಂದರೆ ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿ ಮಾಡುವವನು. ಅಕ್ಕ ಕಾಲಿಗೆ ಚಪ್ಪಲಿಯಿಲ್ಲದೆ ಓಡಿದಳು. ಅವನು ಟಯರು ಬಿಚ್ಚುತ್ತ ಕೂತಿದ್ದ. ಅವಳನ್ನು ಕಂಡವನೇ ಎದ್ದು ನಿಂತ, ಕಳ್ಳ ಸಿಕ್ಕಿಬಿದ್ದ ಹಾಗೆ. ಕೋಳಿ ಎಲ್ಲಿ ಎಂದು ಕೇಳಿದ್ದಕ್ಕೆ ಮೊದಲು ಚೆನ್ನಾಗಿವೆ ಎಂದ. ಆಮೇಲೆ ಇಪ್ಪತ್ತೊಂದು ಸತ್ತವು ಎಂದ. ಕೈಯ ಗ್ರೀಸು ಗಡ್ಡಕ್ಕೆ ಹತ್ತಿಸಿಕೊಳ್ಳುತ್ತ, "ಏನು ತಿನ್ನಿಸ್ಬೇಕೋ ನನಗೆ ಗೊತ್ತಾಗ್ಲಿಲ್ಲ ಅಕ್ಕ. ನೀನು ಬೈತೀಯ ಅಂತ ಹೇಳಲಿಲ್ಲ," ಎಂದ.

ಅಂಗಡಿಯ ಹಿಂದೆ ಹಳೆಯ ಚಕ್ರ, ಚೈನು, ತುಕ್ಕು ಹಿಡಿದ ಕ್ಯಾರಿಯರುಗಳ ನಡುವೆ ಇಪ್ಪತ್ತಮೂರು ಕೋಳಿಗಳು ಕೆದರುತ್ತಿದ್ದವು. ಹದಿನೆಂಟು ಹೇಂಟೆ, ಐದು ಹುಂಜ. ಕಪ್ಪು, ಕಂದು, ಚುಕ್ಕೆ, ಒಂದಕ್ಕೆ ಬಾಲವೇ ಇಲ್ಲ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಕಣ್ಣು ಹಾಯಿಸುತ್ತ ಅವಳು ನಲವತ್ತಾರು ಕಾಲುಗಳನ್ನೂ ನೋಡಿದಳು. ಎಲ್ಲ ನಿಂತಿದ್ದವು.

ಬೇರೆ ಬೇರೆ ತಾಯಿಯ ಮರಿಗಳಾದದ್ದಕ್ಕೆ ಉಳಿದವೋ, ಗಾಳಿ ಬೆಳಕಿನಲ್ಲಿದ್ದುದಕ್ಕೆ ಉಳಿದವೋ, ಇವುಗಳ ಸರದಿ ಇನ್ನೂ ಬಂದಿಲ್ಲವೋ, ಡಾಕ್ಟರಮ್ಮನಿಗೂ ಹೇಳಲಾಗಲಿಲ್ಲ. ಬದುಕಿದ ಕೋಳಿಯೂ ರೋಗ ಹೊತ್ತೇ ತಿರುಗುತ್ತದೆ, ಮನೆಗೆ ತರಬೇಡಿ ಎಂದರು. ಆದರೆ ಮೊಟ್ಟೆಯ ಒಳಗೆ ಈ ರೋಗ ಹೋಗುವುದಿಲ್ಲ. ಸಿಪ್ಪೆಯ ಮೇಲಿನ ದೂಳು ತೆಗೆದು, ದೂಳಿಲ್ಲದ ಜಾಗದಲ್ಲಿ ಮರಿ ಮಾಡಿಸಿ, ಎಂಟು ವಾರ ಕಾಪಾಡಿದರೆ ಆಮೇಲೆ ರೋಗ ತಗುಲಿದರೂ ತಡೆಯುವ ಸಾಧ್ಯತೆ ಹೆಚ್ಚು. ಎಳೆಯದರಲ್ಲಿ ತಗುಲಿದರೆ ಕಷ್ಟ.

ಅಕ್ಕ ತನ್ನ ಹತ್ತು ಹೇಂಟೆಗಳನ್ನೂ ಪಂಕ್ಚರಣ್ಣನ ಹಿತ್ತಲಿಗೆ ಸೇರಿಸಿದಳು. ಅವು ಮೊಟ್ಟೆಗೆ ಬರುವವರೆಗೆ ಮೂರು ತಿಂಗಳು ದಿನವೂ ಅಲ್ಲಿ ಹೋಗಿ ಕಾಲುಗಳನ್ನು ನೋಡಿ ಬಂದಳು. ಈ ನಡುವೆ ಮನೆಯ ಹಿಂದಿನ ಸಾಮಾನಿನ ಕೋಣೆಯನ್ನು ಸುಣ್ಣ ಬಳಿದು, ಬಿರುಕಿಗೆಲ್ಲ ಸಿಮೆಂಟು ಮೆತ್ತಿ, ಕಿಟಕಿಗೆ ಎರಡು ಪದರ ಬಟ್ಟೆ ಹೊಡೆದಳು. ಹದಿನೈದು ದಿನದ ಮೊಟ್ಟೆ ಕೂಡಿಸಿ, ಒಂದೊಂದನ್ನೂ ಔಷಧಿ ನೀರಿನಲ್ಲಿ ಒರೆಸಿ, ಕಾವು ಕೊಡುವ ಮಿಷನ್ನಿಗೆ ಇಟ್ಟಳು. ನೂರ ಅರವತ್ತೆಂಟು ಮರಿ ಬಂದವು. ಬೇರೆ ವರ್ಷವಾಗಿದ್ದರೆ ಇದೇನು ಮಹಾ ಎನ್ನುತ್ತಿದ್ದಳು. ಕೋಣೆಗೆ ಒಬ್ಬಳೇ ಹೋಗುತ್ತಿದ್ದಳು, ಮಿಂದು, ಅಲ್ಲೇ ಇಟ್ಟ ಬಟ್ಟೆ ಉಟ್ಟು, ಅಲ್ಲೇ ಇಟ್ಟ ಚಪ್ಪಲಿ ಮೆಟ್ಟಿ. ಕೋಣೆಯ ನಡುವೆ ತಡಿಕೆ ಹಾಕಿ ಮರಿಗಳನ್ನು ಎರಡು ಪಾಲು ಮಾಡಿದ್ದಳು. ಎಂಟು ವಾರ ಎಂದರೆ ಐವತ್ತಾರು ದಿನ. ಹನ್ನೆರಡು ದಿನ ಸುಸೂತ್ರವಾಗಿ ಕಳೆಯಿತು.

ಹದಿಮೂರನೆಯ ದಿನ ಮಧ್ಯಾಹ್ನ ಹೊರಗಿಂದ ಬಂದಾಗ ಆ ಕೋಣೆಯ ಮುಂದೆ ತಮ್ಮ ನಿಂತಿದ್ದ. ಮಿಂದಿದ್ದ, ಅವಳ ಚಪ್ಪಲಿಯನ್ನೇ ಮೆಟ್ಟಿದ್ದ. ಕೈಯಲ್ಲಿ ಬಾಯಿ ಕಟ್ಟಿದ ಸಣ್ಣ ಚೀಲ. ಅದರಲ್ಲಿ ಏನಿದೆ ಎಂದು ಕೇಳುವ ಮೊದಲೇ ಅವಳಿಗೆ ಗೊತ್ತಾಯಿತು. ಹೊಲಿಗೆಯ ಸಂದಿಯಿಂದ ಹಳೆಯ ಕೋಳಿಮನೆಯ ಹೊಟ್ಟಿನ ದೂಳು ಸಣ್ಣಗೆ ಸೋರುತ್ತಿತ್ತು.

"ಏನೋ ಅದು?"

ಅವನು ನಿಧಾನವಾಗಿ ಹೇಳಿದ. ಬೇಡ ಅಂತ ತಡೆದಷ್ಟೂ ಇವು ಮೆತ್ತಗಾಗ್ತವೆ. ಒಂದಲ್ಲ ಒಂದು ದಿನ ದೂಳು ಬಂದೇ ಬರುತ್ತೆ. ಈಗಲೇ ಎಲ್ಲಕ್ಕೂ ತಗುಲಿಸಿಬಿಟ್ಟರೆ ತಡೆಯೋವು ಉಳೀತವೆ, ತಡೆಯದಿದ್ದವು ಹೋಗ್ತವೆ. ಒಂದೇ ವರ್ಷದಲ್ಲಿ ರೋಗಕ್ಕೆ ಬಗ್ಗದ ತಳಿ ಆಗುತ್ತೆ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂದವು. "ನಾನು ಕೆಡಿಸಿದ್ದನ್ನ ನಾನೇ ಸರಿ ಮಾಡ್ಬೇಕು ಅಕ್ಕ. ಬೇಗ ಮಾಡ್ಬೇಕು."

ಅವಳಿಗೆ ಕೂಗಾಡಬೇಕೆನ್ನಿಸಿತು. ಕೂಗಿದರೆ ಅವನು ಚೀಲ ಬೀಳಿಸಿಬಿಟ್ಟಾನು ಎಂಬ ಭಯಕ್ಕೆ ದನಿ ಏರಿಸಲಿಲ್ಲ.

"ನೂರ ಅರವತ್ತೆಂಟಿವೆ," ಎಂದಳು. "ಎಳೆಯವು. ಇಪ್ಪತ್ತು ಉಳೀತವೆ ಅಂದ್ಕೋ. ಅವು ಕಾಲು ಕಟ್ಟೋ ರೋಗ ಒಂದನ್ನ ತಡೀತವೆ. ಬರೋ ಚಳಿಗೆ ಎಷ್ಟು ಹೋಗ್ತವೆ? ಮೊಟ್ಟೆಯಿಂದ ಮರಿಯೇ ಆಚೆ ಬರದಿದ್ರೆ? ಆಗ ಯಾವುದನ್ನ ಆರಿಸ್ತೀಯ? ಆರಿಸೋಕೆ ಸತ್ತವನ್ನ ಎಬ್ಬಿಸ್ತೀಯಾ? ಹತ್ತು ವರ್ಷ ಆಗುತ್ತೆ ಇದಕ್ಕೆ. ವರ್ಷಕ್ಕೆ ಸ್ವಲ್ಪ ಸಾಯ್ತವೆ, ಸ್ವಲ್ಪ ಗಟ್ಟಿಯಾಗ್ತವೆ. ಅದಕ್ಕಿಂತ ಬೇಗ ಆಗಲ್ಲ ಕಣೋ. ನೀನು ಅತ್ತರೂ ಆಗಲ್ಲ."

ಅವನು ಚೀಲವನ್ನು ಎದೆಗೆ ಒತ್ತಿ ಹಿಡಿದೇ ಇದ್ದ. ಅವಳು ಕೈ ಚಾಚಿದಳು. ಕೊಡಲಿಲ್ಲ. ನೆಲ ನೋಡುತ್ತ, "ಮೊನ್ನೆ ಒಂದು ಹಿಡಿ ಹಾಕಿದ್ದೀನಿ," ಎಂದ. "ಕಿಟಕಿ ಕಡೆಯ ಪಾಲಿಗೆ ಮಾತ್ರ."

ತಡಿಕೆ ಮರಿಯನ್ನು ತಡೆಯುತ್ತದೆ. ದೂಳಿಗೆ ತಡಿಕೆ ಎಂದರೆ ಏನು ಗೊತ್ತು?

ಚೀಲವನ್ನು ಕಿತ್ತುಕೊಂಡು, ಬಕೆಟ್ಟಿನ ನೀರಿನಲ್ಲಿ ಅದ್ದಿ, ಒದ್ದೆಯಾದದ್ದನ್ನು ಹಾಗೇ ಒಲೆಗೆ ತುರುಕಿದಳು. ಅವನನ್ನು ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ಅವನು ಅದಕ್ಕೇ ಹೆಚ್ಚು ಹೆದರಿದಂತೆ ಕಂಡ. ಪಂಕ್ಚರಣ್ಣನ ಹತ್ತಿರ ಈ ವಾರದ ಮೊಟ್ಟೆ ಎಷ್ಟಿವೆ ನೋಡಿಕೊಂಡು ಬಾ ಎಂದು ಅವನಿಗೆ ಹೇಳಿದಳು. ಒಂದು ಪಾಲು ಡಾಕ್ಟರಮ್ಮನ ಮನೆಗೆ ಹೋಗಬೇಕು. ಒಂದು ಪಾಲು ಬೆಟ್ಟದ ಮೇಲಿನ ಶಾಲೆಯ ಮೇಷ್ಟರ ಮನೆಗೆ, ಅಲ್ಲಿ ಸುತ್ತ ಕೋಳಿ ಸಾಕಿದವರೇ ಇಲ್ಲ. ಒಂದು ಪಾಲು ತನ್ನ ಮಗಳ ಊರಿಗೆ ಬಸ್ಸಿನಲ್ಲಿ. ಕಾವು ಕೂತ ಯಾವ ಕೋಳಿಯಾದರೂ ಸರಿ, ಮಿಷನ್ನಾದರೂ ಸರಿ. ಸೊಟ್ಟ ಬೆರಳು, ಬಾಲವಿಲ್ಲದ್ದು, ಮೊಟ್ಟೆ ಕಡಿಮೆಯದು, ಯಾವುದನ್ನೂ ಯಾರೂ ತೆಗೆಯಕೂಡದು.

"ಎಲ್ಲಾ ಒಂದೇ ಕೈಗೆ ಸಿಗಬಾರದು," ಎಂದಳು. "ನಿನ್ನ ಕೈಗೂ ಬೇಡ, ನನ್ನ ಕೈಗೂ ಬೇಡ."

ಅವನು ಹೋದ ಮೇಲೆ ಮಿಂದು, ಬಟ್ಟೆ ಬದಲಿಸಿ, ಬರಿಗಾಲಿನಲ್ಲಿ ಕೋಣೆಯೊಳಗೆ ಹೋದಳು. ಒದ್ದೆ ಬಟ್ಟೆಯಿಂದ ಕಿಟಕಿ ಕಡೆಯ ನೆಲವನ್ನು ಅಂಗೈ ಅಂಗೈ ಅಗಲಕ್ಕೆ ಒರೆಸಿ, ಹೊಟ್ಟನ್ನೆಲ್ಲ ಬಳಿದು ತುಂಬಿದಳು. ಎರಡು ದಿನ ತಡವಾಗಿದೆ ಎಂದು ಗೊತ್ತಿದ್ದೂ ಒರೆಸಿದಳು. ಮರಿಗಳು ಅವಳ ಕೈಯನ್ನೇ ಕಾಳೆಂದುಕೊಂಡು ಬಂದು ಕುಕ್ಕಿದವು. ಉಗುರನ್ನು ಕುಕ್ಕಿದವು, ಕಾಲ್ಬೆರಳನ್ನು ಕುಕ್ಕಿದವು. ತಡಿಕೆಯ ಈಚೆ ಒಂದು, ಆಚೆ ಒಂದು, ಒಂದೇ ಹುಳುವಿಗೆ ಕೊಕ್ಕು ಹಾಕಿ ಜಗ್ಗಾಡಿದವು.

ರೋಗ ತಗುಲಿದ್ದರೆ ಗೊತ್ತಾಗಲು ಇನ್ನೂ ವಾರಗಳು ಬೇಕು. ಅವಳು ಮಂಡಿಯೂರಿ ಕೂತು ಒಂದೊಂದು ಮರಿಯ ಕಾಲನ್ನೂ ನೋಡುತ್ತ ಹೋದಳು. ಎಲ್ಲವೂ ಓಡುತ್ತಿದ್ದವು. ಬಿದ್ದರೆ ಏಳುತ್ತಿದ್ದವು. ಯಾವುದರ ಮೇಲೂ ಏನೂ ಬರೆದಿರಲಿಲ್ಲ.